ವಾದ ಕೇಳಿ ಕಾಸು ಕೊಡುವವರು

ಪ್ರಜಾಪ್ರಭುತ್ವದಲ್ಲಿ ಪ್ರಜೆಯು ತನ್ನ ನಾಯಕನಿಗೆ ಮತವನ್ನು ಕೊಡುತ್ತಾನೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮತದ ಜೊತೆಗೆ ಕಾಸನ್ನೂ ಕೊಡಬೇಕೆ, ಕೊಟ್ಟರೆ ಆಗುವ ಗುಣವೇನು, ಕೊಡದೆ ಪಡೆದರೆ ಬರುವ ದೋಷವೇನು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿದವರಲ್ಲ. ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕದ್ದು ವಿದ್ಯಾರ್ಥಿನಿಲಯದಲ್ಲಿ, ಒಂದು ಬೆಳಗಿನ ಹೊತ್ತು.

2024ರ ಸೆಪ್ಟೆಂಬರ್ 11, ಬುಧವಾರ. ಬೆಳಿಗ್ಗೆ ಆರೂವರೆ ಗಂಟೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಆಗ ಹಿಂದಿನ ದಿನದ ರಾತ್ರಿ ಒಂಬತ್ತು. ಅಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರಾಗಿ ನಿಂತು ವಾದಮಾಡುವುದನ್ನು ನಾವು ನಾಲ್ವರು ಒಂದೇ ಮೊಬೈಲಿನ ಮುಂದೆ ಕುಳಿತು ನೋಡಿದೆವು. ನಾನು ಅರಕಲಗೂಡಿನವನು. ಉಳಿದವರಲ್ಲಿ ಒಬ್ಬ ಹೊಳೆನರಸೀಪುರದವನು, ಒಬ್ಬ ಚನ್ನರಾಯಪಟ್ಟಣದವನು, ಇನ್ನೊಬ್ಬ ಹಾಸನದವನೇ. ಸಭೆಯಲ್ಲಿ ಪ್ರೇಕ್ಷಕರಿರಲಿಲ್ಲ. ಬರೆದು ತಂದ ಟಿಪ್ಪಣಿಗೆ ಅವಕಾಶವಿರಲಿಲ್ಲ. ಒಬ್ಬರು ಮಾತನಾಡುವಾಗ ಇನ್ನೊಬ್ಬರ ಮೈಕನ್ನು ಬಂದ್ ಮಾಡುವುದು ಕ್ರಮ. ಅಮೆರಿಕದಲ್ಲಿ ಅದನ್ನು ದೂರದರ್ಶನದ ಮೂಲಕ ನೋಡಿದವರು ಸುಮಾರು 6 ಕೋಟಿ 70 ಲಕ್ಷ ಜನ.

ವಾದದಲ್ಲಿ ಗೆದ್ದವರಾರೆಂದು ನಾವು ಇಡ್ಲಿ ತಿನ್ನುತ್ತಾ ಜಗಳವಾಡಿದೆವು. ಆದರೆ ನಮ್ಮನ್ನು ನಿಜವಾಗಿ ಬೆರಗುಗೊಳಿಸಿದ ಸುದ್ದಿ ಬಂದದ್ದು ಆಮೇಲೆ. ವಾದ ನಡೆದ 24 ಗಂಟೆಗಳೊಳಗೆ ಸುಮಾರು 6 ಲಕ್ಷ ಜನ ತಮಗೆ 4 ಕೋಟಿ 70 ಲಕ್ಷ ಡಾಲರು ಕಳುಹಿಸಿದರೆಂದು ಹ್ಯಾರಿಸ್ ಅವರ ಪ್ರಚಾರ ಕಚೇರಿ ಪ್ರಕಟಿಸಿತು. ಭಾಗಿಸಿ ನೋಡಿದರೆ ತಲೆಗೆ ಸುಮಾರು 78 ಡಾಲರು.

ಹೊಳೆನರಸೀಪುರದ ಗೆಳೆಯ ಕೇಳಿದ: “ಅಲ್ಲ ಕಣೋ, ಮಾತು ಕೇಳಿದ್ದಕ್ಕೆ ಇವರೇ ದುಡ್ಡು ಕೊಟ್ಟರೆ? ನಮ್ಮೂರಲ್ಲಿ ಭಾಷಣ ಕೇಳೋಕೆ ಬಂದವರಿಗೇ ಊಟ, ಬಸ್ ಚಾರ್ಜು ಕೊಡಬೇಕಲ್ಲೋ!”

ನಾವೆಲ್ಲ ನಕ್ಕೆವು. ಆದರೆ ಆ ನಗೆ ನನ್ನ ಗಂಟಲಲ್ಲಿಯೇ ನಿಂತಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಅಮೆರಿಕದ ಪದ್ಧತಿಯನ್ನು ಸ್ವಲ್ಪ ನೋಡೋಣ. ಅಧ್ಯಕ್ಷ ಪದವಿಯ ಅಭ್ಯರ್ಥಿಗಳು ದೂರದರ್ಶನದಲ್ಲಿ ವಾದಿಸಿದ್ದು ಮೊದಲಬಾರಿಗೆ 1960ರ ಸೆಪ್ಟೆಂಬರ್ 26ರಂದು, ಷಿಕಾಗೋ ನಗರದಲ್ಲಿ. ಅಂದು ಕೆನೆಡಿಯವರ ಉಲ್ಲಾಸದ ಮುಖವನ್ನೂ, ಆಗತಾನೆ ಆಸ್ಪತ್ರೆಯಿಂದ ಬಂದಿದ್ದ ನಿಕ್ಸನ್ನರ ಬಾಡಿದ ಮುಖವನ್ನೂ ಕೋಟ್ಯಂತರ ಜನ ಕಂಡರು. ಅನಂತರ 16 ವರ್ಷ ಅಂತಹ ವಾದ ನಡೆಯಲಿಲ್ಲ. 1976ರಲ್ಲಿ ಮರಳಿ ಆರಂಭವಾಯಿತು. ಮೊದಮೊದಲು ವಾದವನ್ನು ಕಂಡು ಮೆಚ್ಚಿದವನು ಹಣ ಕಳುಹಿಸಬೇಕಾದರೆ ಚೆಕ್ಕು ಬರೆದು, ಲಕೋಟೆಗೆ ಹಾಕಿ, ಅಂಚೆಗೆ ಒಪ್ಪಿಸಬೇಕಾಗಿತ್ತು. ಅಷ್ಟರಲ್ಲಿ ಬಿಸಿ ಆರಿಹೋಗುತ್ತಿತ್ತು. ಅಂತರಜಾಲ ಬಂದ ಮೇಲೆ ಮನಸ್ಸಿಗೂ ಕೈಗೂ ನಡುವೆ ಇದ್ದ ಈ ಅಂತರ ಅಳಿಯಿತು. ಮೆಚ್ಚಿದ ಕ್ಷಣದಲ್ಲೇ ಕೊಡಬಹುದು. ತಮ್ಮವರು ಸೋತರೆಂಬ ಸಂಕಟದಲ್ಲಿಯೂ ಕೊಡಬಹುದು.

ಅಲ್ಲಿ ಕಾಯಿದೆಯ ಕಟ್ಟೂ ಉಂಟು. 2024ರ ಚುನಾವಣೆಯ ಕಾಲದಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,300 ಡಾಲರುಗಳಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಒಟ್ಟು 200 ಡಾಲರು ಮೀರಿ ಕೊಟ್ಟವರ ಹೆಸರನ್ನು ಅಭ್ಯರ್ಥಿಯು ಬಹಿರಂಗಪಡಿಸಬೇಕು. ಪರದೇಶದವರು ಕೊಡುವಂತಿಲ್ಲ. ಚನ್ನರಾಯಪಟ್ಟಣದ ಗೆಳೆಯನ ಅಕ್ಕ ಕೆಲಸದ ವೀಸಾದ ಮೇಲೆ ಅಲ್ಲಿದ್ದಾರೆ. ಅವರು ಫೋನಿನಲ್ಲಿ, “ನಾವು ನೋಡಬಹುದಪ್ಪ, ಕೊಡೋ ಹಾಗಿಲ್ಲ. ಪೌರತ್ವವೋ, ಕಾಯಂ ವಾಸದ ಹಕ್ಕೋ ಇದ್ದವರಿಗೆ ಮಾತ್ರ ಅದು,” ಎಂದರು. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಅಮೆರಿಕದಲ್ಲಿ ಗೊರೂರು’ ಬರೆದು 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದರು. ಅವರ ಕಾಲಕ್ಕೆ ಹೇಮಾವತಿಯ ದಂಡೆಯವರಿಗೆ ದೂರವಾಗಿದ್ದ ಆ ನಾಡು ಇಂದು ಅಕ್ಕನ ಮನೆಯಷ್ಟು ಹತ್ತಿರವಾಗಿದೆ.

ಇಷ್ಟಾದರೂ ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬಾರದು. 2010ರ ಒಂದು ತೀರ್ಪಿನ ಫಲವಾಗಿ, ಅಭ್ಯರ್ಥಿಯ ಲೆಕ್ಕಕ್ಕೆ ಸೇರದೆ ಹೊರಗೆ ನಿಂತು ಪ್ರಚಾರಮಾಡುವ ಕೂಟಗಳು ಮಿತಿಯಿಲ್ಲದೆ ಹಣ ಸುರಿಯಬಲ್ಲವು. ಹಣವೇ ಗೆಲ್ಲಿಸುತ್ತದೆಂಬುದೂ ಸುಳ್ಳು. ಮೂರೇ ತಿಂಗಳಲ್ಲಿ 100 ಕೋಟಿ ಡಾಲರುಗಳಿಗೂ ಮಿಗಿಲಾಗಿ ಕೂಡಿಸಿದ ಹ್ಯಾರಿಸ್ ಅವರು ನವೆಂಬರ್ 5ರಂದು ಸೋತರು. ಹಾಗಾದರೆ ಆ 6 ಲಕ್ಷ ಜನರ ಕಾಸು ವ್ಯರ್ಥವಾಯಿತೆ? ನನಗೆ ಹಾಗೆನಿಸುವುದಿಲ್ಲ. ಅದನ್ನು ವಿವರಿಸಲು ನಮ್ಮ ಸೀಮೆಗೇ ಬರಬೇಕು.

ನಮ್ಮಲ್ಲಿ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪದ್ಧತಿಯುಂಟು. ಹಂದರದ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತಿರುತ್ತಾರೆ. ಇಂಥ ಊರಿನ ಇಂಥವರು ಇಷ್ಟು ಎಂದು ದಾಖಲಾಗುತ್ತದೆ. ನೂರು ಪಡೆದವನು ಕೊಟ್ಟವನ ಮನೆಯ ಶುಭಕಾರ್ಯಕ್ಕೆ ಹೋಗಿ ನೂರಾದರೂ ಹಿಂತಿರುಗಿಸಬೇಕು. ತಪ್ಪಿದರೆ ಮುಖವೆತ್ತಿ ತಿರುಗುವಂತಿಲ್ಲ. ಅರ್ಥಶಾಸ್ತ್ರಜ್ಞರು ಏನೆನ್ನುವರೋ ಕಾಣೆ. ಹಳ್ಳಿಯವರ ಮಟ್ಟಿಗೆ ಮುಯ್ಯಿಯೆಂದರೆ ಋಣ. ಪಡೆದವನ ತಲೆ ಕೊಟ್ಟವನ ಮುಂದೆ ಬಾಗಿರುತ್ತದೆ.

ಈ ಲೆಕ್ಕವನ್ನು ಚುನಾವಣೆಗೆ ಹಚ್ಚೋಣ. ಮತದಾರನು ಅಭ್ಯರ್ಥಿಗೆ ಕೊಟ್ಟರೆ ಅಭ್ಯರ್ಥಿಯು ಋಣಿ. ಅಭ್ಯರ್ಥಿಯು ಮತದಾರನಿಗೆ ಕೊಟ್ಟರೆ ಮತದಾರನು ಋಣಿ. ಐದು ವರ್ಷ ಯಾರು ಯಾರ ಮುಂದೆ ತಲೆಬಾಗಿ ನಿಲ್ಲಬೇಕೆಂಬುದು ಹಣ ಹರಿಯುವ ದಿಕ್ಕಿನ ಮೇಲೆ ನಿಂತಿದೆ. ನನ್ನ ಈ ಲೇಖನದ ಸಾರವೆಲ್ಲ ಇಷ್ಟೆ.

ಈಗ ನನ್ನ ಸ್ವಂತ ಮಾತು. 2024ರ ಏಪ್ರಿಲ್ 26ರಂದು ಲೋಕಸಭೆಗೆ ನಾನು ಮೊದಲ ಮತ ಹಾಕಿದೆ. ಅದರ ಹಿಂದಿನ ರಾತ್ರಿ ನಮ್ಮ ಮನೆಯ ಬಾಗಿಲಿಗೊಂದು ಲಕೋಟೆ ಬಂತು. ಯಾರ ಕಡೆಯದೆಂಬುದು ಇಲ್ಲಿ ಅಪ್ರಸ್ತುತ. ಅಜ್ಜಿ ಅದನ್ನು ದೇವರ ಪಟದ ಕೆಳಗಿಟ್ಟು, “ಇದನ್ನ ಯಾವ ಮುಯ್ಯಿ ಪುಸ್ತಕದಲ್ಲಿ ಬರೀತಾರೋ ಮಗ?” ಎಂದಳು. ನಾನು ಉತ್ತರ ಹೇಳಲಿಲ್ಲ. ಹಿಂತಿರುಗಿಸಲೂ ಇಲ್ಲ. ಆ ಹಣದಲ್ಲಿ ಮನೆಗೆ ಬೇಳೆ ಬಂತು, ನಾನೂ ಉಂಡೆ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 123ನೆಯ ವಿಧಿಯಂತೆ ಅದು ಭ್ರಷ್ಟಾಚಾರವೆಂದು ತರಗತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದವನು ನಾನು. ಅಂದು ಗೆಳೆಯರೊಡನೆ ನಕ್ಕ ನಗೆ ಗಂಟಲಲ್ಲಿ ನಿಂತುದಕ್ಕೆ ಇದೇ ಕಾರಣ.

ಹಾಗೆಂದು ನಮ್ಮ ಜನ ಜಿಪುಣರೆ? ಖಂಡಿತ ಅಲ್ಲ. ಗಣಪತಿ ಪೆಂಡಾಲಿಗೆ, ಊರ ಗುಡಿಯ ಜೀರ್ಣೋದ್ಧಾರಕ್ಕೆ ಕೇಳುವ ಮೊದಲೇ ಚಂದಾ ಕೊಡುತ್ತಾರೆ. ಚುನಾವಣೆಯಲ್ಲಿಯೂ ಕೈಯ ಹಣ ಹೂಡುತ್ತಾರೆ, ಆದರೆ ಪಣವಾಗಿ! ಹೊಳೆನರಸೀಪುರದ ಹತ್ತಿರ ನನ್ನ ಸೋದರಮಾವನ ಊರು. ಮಾವ ತಾನು ನಂಬಿದ ಅಭ್ಯರ್ಥಿಯ ಮೇಲೆ ಎರಡು ಕುರಿ ಪಣವಿಟ್ಟು, ಜೂನ್ 4ರ ಎಣಿಕೆಯ ದಿನ ಎರಡನ್ನೂ ಕಳೆದುಕೊಂಡ. “ಮಾವ, ಆ ಕುರಿ ಮಾರಿ ಪಕ್ಷಕ್ಕೆ ಚಂದಾ ಕೊಟ್ಟಿದ್ದರೆ ರಸೀದಿಯಾದರೂ ಸಿಗುತ್ತಿತ್ತಲ್ಲ,” ಎಂದೆ. ಮಾವ ನನ್ನನ್ನು ಕನಿಕರದಿಂದ ನೋಡಿ, “ಅವರಿಗೆ ನಾವು ಕೊಡೋದೇನೋ ಹುಚ್ಚಪ್ಪ? ಕೊಡೋರು ಅವರು, ಇಸ್ಕೊಳೋರು ನಾವು,” ಎಂದ. ಅಮೆರಿಕದ ಬೆಂಬಲಿಗನ ಉತ್ಸಾಹವೂ ನಮ್ಮ ಮಾವನ ಉತ್ಸಾಹವೂ ಒಂದೇ ತೂಕದವು. ಅವನದು ಅಭ್ಯರ್ಥಿಯ ಕೈ ಸೇರಿತು. ಮಾವನದು ಪಣ ಗೆದ್ದವನ ಕೊಟ್ಟಿಗೆ ಸೇರಿತು.

ಕೊಡುವ ಪದ್ಧತಿ ಕನ್ನಡ ನಾಡಿಗೆ ಹೊಸದೇನೂ ಅಲ್ಲ. 1927ರಲ್ಲಿ ಗಾಂಧೀಜಿಯವರು ಮೈಸೂರು ಸಂಸ್ಥಾನದಲ್ಲಿ ಸಂಚರಿಸಿದಾಗ ಭಾಷಣ ಕೇಳಿದ ಜನ ಖಾದಿಯ ಕೆಲಸಕ್ಕಾಗಿ ಹಮ್ಮಿಣಿ ಅರ್ಪಿಸಿದರು. 1952ರ ಮೊದಲ ಮಹಾಚುನಾವಣೆಯಲ್ಲಿ, ಕಾಗೋಡು ಸತ್ಯಾಗ್ರಹದ ಮರುವರ್ಷ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಸಾಗರದ ಕಡೆಯಿಂದ ನಿಂತು, ಜನರಿಂದ ವೋಟನ್ನೂ ನೋಟನ್ನೂ ಬೇಡಿ ಗೆದ್ದರು. ‘ಒಂದು ವೋಟು, ಒಂದು ನೋಟು’ ಎಂಬ ಮಾತು ಮುಂದೆ ರೈತ ಚಳವಳಿಯ ಅಭ್ಯರ್ಥಿಗಳ ಬಾಯಲ್ಲಿಯೂ ಉಳಿಯಿತು. ನಮ್ಮ ಜಿಲ್ಲೆಯಲ್ಲಿಯೂ 1962ರಲ್ಲಿ ಹರದನಹಳ್ಳಿಯ ಯುವಕ ಎಚ್. ಡಿ. ದೇವೇಗೌಡರನ್ನು ಹೊಳೆನರಸೀಪುರದ ಮತದಾರರು ಪಕ್ಷೇತರರಾಗಿಯೇ ಆರಿಸಿ ಕಳುಹಿಸಿದರು. ಅವರು 1996ರಲ್ಲಿ ಪ್ರಧಾನಮಂತ್ರಿಗಳಾದರು. ದೊಡ್ಡ ಪಕ್ಷದ ಬೆನ್ನಾಸರೆಯಿಲ್ಲದವರನ್ನೂ ಗೆಲ್ಲಿಸುವ ಶಕ್ತಿ ಈ ಸೀಮೆಯ ಮತದಾರರಿಗೆ ಇತ್ತೆಂಬುದಕ್ಕೆ ಇದು ಸಾಕ್ಷಿ.

ಇನ್ನು ಲೆಕ್ಕ. 1951ರ ಕಾಯಿದೆಯಲ್ಲಿ ವಿಧಾನಸಭೆಯ ಅಭ್ಯರ್ಥಿಯ ಠೇವಣಿ 250 ರೂಪಾಯಿ, ಈಗ 10,000. 2022ರಲ್ಲಿ ಗೊತ್ತುಮಾಡಿದಂತೆ ನಮ್ಮ ರಾಜ್ಯದಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವನ್ನೊಳಗೊಂಡ ಶ್ರವಣಬೆಳಗೊಳ—ಈ ಒಂದೊಂದು ಕ್ಷೇತ್ರದಲ್ಲಿಯೂ ಸುಮಾರು ಎರಡು ಲಕ್ಷ ಮತದಾರರಿದ್ದಾರೆ. ಅವರಲ್ಲಿ 40,000 ಜನ ತಲೆಗೆ 100 ರೂಪಾಯಿ ಕೊಟ್ಟರೆ ಒಬ್ಬ ಅಭ್ಯರ್ಥಿಯ ನ್ಯಾಯವಾದ ಖರ್ಚೆಲ್ಲ ತೀರಿತು! ಈ ಸಣ್ಣ ಕಾಸು ಬಾರದಿದ್ದಾಗ ಅದರ ಜಾಗಕ್ಕೆ ದೊಡ್ಡ ಗಂಟು ಬರುತ್ತದೆ. ಕೊಟ್ಟವರ ಹೆಸರನ್ನು ಮರೆಮಾಡಿದ್ದ 2018ರ ಚುನಾವಣಾ ಬಾಂಡುಗಳ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ಯಾರ ಮುಯ್ಯಿ ಎಂಬುದು ಊರಿಗೆಲ್ಲ ತಿಳಿಯಬೇಕೆಂಬ ನಮ್ಮಜ್ಜಿಯ ನ್ಯಾಯವೂ ಆ ತೀರ್ಪಿನ ನ್ಯಾಯವೂ ಬೇರೆಯಲ್ಲ.

ಆದರೆ ಕೇಳದೆ ಕೊಡುವುದು ಹೇಗೆ? ಅಮೆರಿಕದವರು ವಾದ ಕೇಳಿದರು, ಅನಂತರ ಕೊಟ್ಟರು. ನಮ್ಮಲ್ಲಿ ಒಬ್ಬ ಅಭ್ಯರ್ಥಿಯ ಭಾಷಣವಾಗುವಾಗ ಮತ್ತೊಬ್ಬ ಅಭ್ಯರ್ಥಿ ಮತ್ತೊಂದು ಊರಿನಲ್ಲಿ ಇರುತ್ತಾನೆ. ಇಬ್ಬರನ್ನೂ ಒಂದೇ ಹಲಗೆಯ ಮೇಲೆ ನಿಲ್ಲಿಸಿ, ಕೆರೆಯ ಹೂಳು, ಆಲೂಗೆಡ್ಡೆಯ ಬೆಲೆ, ಕಾಡಾನೆಯ ಹಾವಳಿ ಇವುಗಳನ್ನು ಕುರಿತು ಕೇಳುವ ಏರ್ಪಾಡು ತಾಲ್ಲೂಕಿಗೊಂದಾದರೂ ಆಗಬೇಕು. ಚುನಾವಣಾಧಿಕಾರಿಗಳ ಅನುಮತಿ ಪಡೆದು ಅದನ್ನು ನಡೆಸಲು ವಿದ್ಯಾರ್ಥಿಗಳಿಗಿಂತ ತಕ್ಕವರಾರು? ನಮ್ಮ ಅಧ್ಯಾಪಕರು ಸರ್ಕಾರಿ ನೌಕರರಾದುದರಿಂದ ನಡತೆಯ ನಿಯಮಗಳಂತೆ ಪಕ್ಷಗಳಿಗೆ ಚಂದಾ ಕೊಡುವಂತಿಲ್ಲ. ಆದರೆ ಕೇಳುವ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ನಮಗೆ ಕಲಿಸಬಲ್ಲರು.

ನನ್ನ ಮಟ್ಟಿಗೆ ನಾನೊಂದು ನಿಶ್ಚಯ ಮಾಡಿದ್ದೇನೆ. ಮುಂದಿನ ಚುನಾವಣೆಯಲ್ಲಿ ಲಕೋಟೆ ಬಂದರೆ ಹೊಸ್ತಿಲು ದಾಟಿಸುವುದಿಲ್ಲ. ಅಭ್ಯರ್ಥಿಗಳ ಮಾತನ್ನು ಕೇಳಿ, ಒಪ್ಪಿದವರಿಗೆ ನೂರು ರೂಪಾಯಿ ಕೊಟ್ಟು ರಸೀದಿ ಪಡೆಯುತ್ತೇನೆ. ಅವರು ಸೋತರೂ ಚಿಂತೆಯಿಲ್ಲ. ಆ ರಸೀದಿಯನ್ನು ಅಜ್ಜಿಯ ಕೈಗೆ ಕೊಟ್ಟು, “ಅಜ್ಜಿ, ಈ ಸಲ ಮುಯ್ಯಿ ನಮ್ಮದು,” ಎಂದು ಹೇಳಬೇಕೆಂಬುದೇ ನನ್ನ ಆಸೆ.