ದಾರಿಗೂ ಒಂದು ಹಕ್ಕಿದೆ

ಕಳೆದ ರಜೆಯಲ್ಲಿ ಅರಕಲಗೂಡಿಗೆ ಹೋಗಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಹುಡುಗ ಐಟಿಐ ಮುಗಿಸಿದ್ದ. ಮುಂದಿನ ವಾರವೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಬೇಕಾಗಿತ್ತು. ಅವನ ತಾಯಿ ಒಳಬಾಗಿಲ ಬಳಿ ನಿಂತು, "ಹಜ್ರತ್, ನೀವು ಅಲ್ಲಿ ಇದ್ದು ಬಂದವರು. ಇವನಿಗೆ ನಾಲ್ಕು ಬುದ್ಧಿ ಮಾತು ಹೇಳಿ. ಯಾರನ್ನೂ ನಂಬಬೇಡ, ಯಾರ ತಂಟೆಗೂ ಹೋಗಬೇಡ, ತಲೆ ತಗ್ಗಿಸಿಕೊಂಡು ಹೋಗಿ ತಲೆ ತಗ್ಗಿಸಿಕೊಂಡು ಬಾ ಅಂತ ಹೇಳಿ" ಎಂದರು.

ನಾನು ಒಡನೆ ಉತ್ತರಿಸಲಿಲ್ಲ. ಹೊಳೆನರಸೀಪುರದಿಂದ ನಾನು ಹೊರಟ ದಿನ ನನ್ನ ಅಮ್ಮಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಆ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಪಾಲಿಸಿದ್ದಕ್ಕಾಗಿಯೇ ಒಂದು ದಿನ ನಾಚಿಕೆಪಡಬೇಕಾಯಿತು. ಆ ಸಂಗತಿಯನ್ನು ಅಂದು ಹುಡುಗನಿಗೆ ಹೇಳಿದೆ. ಓದುಗ ಸಹೋದರ ಸಹೋದರಿಯರಿಗೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯವರಿಗೆ ಬೆಂಗಳೂರು ದೂರದ ಊರಲ್ಲ. ಹಾಸನದಲ್ಲಿ ಬಸ್ಸು ಹತ್ತಿದರೆ ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲ ಬರುತ್ತದೆ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ಹೊಸ ರೈಲು ಮಾರ್ಗವೂ ಆರಂಭವಾಯಿತು. ದಾರಿ ಹತ್ತಿರವಾಯಿತು, ಆದರೆ ಎರಡು ಊರುಗಳ ಬದುಕು ಬೇರೆಯೇ. 2011ರ ಜನಗಣತಿಯಂತೆ ಇಡೀ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷದ 76 ಸಾವಿರ. ಅದೇ ವರ್ಷ ಬೆಂಗಳೂರು ಮಹಾನಗರವೊಂದರಲ್ಲೇ 84 ಲಕ್ಷಕ್ಕೂ ಹೆಚ್ಚು ಜನರಿದ್ದರು. ನಮ್ಮ ಊರಿನ ಸಂತೆಬೀದಿಯಲ್ಲಿ ಒಬ್ಬರು ಎಡವಿದರೆ ಹತ್ತು ಜನ ಹೆಸರು ಹಿಡಿದು ಕೂಗಿ ಓಡಿಬರುತ್ತಾರೆ. ನಗರದಲ್ಲಿ ಎಡವಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹೆಸರು ಗೊತ್ತಿಲ್ಲದವನ ಬಗ್ಗೆ ನಮಗೆ ಹೊಣೆಯೂ ಇಲ್ಲವೆಂದು ಮನಸ್ಸು ಮೆಲ್ಲಗೆ ವಾದಿಸತೊಡಗುತ್ತದೆ.

ನನಗೆ ಆದದ್ದೂ ಇದೇ. ನಾನು ದಿನವೂ ಬೆಳಿಗ್ಗೆ ಬಸ್ಸಿಗಾಗಿ ಕಾಯುತ್ತಿದ್ದ ನಿಲ್ದಾಣದ ಪಕ್ಕದಲ್ಲಿ ಒಬ್ಬ ವೃದ್ಧೆ ಹೂ ಮಾರುತ್ತಿದ್ದರು. ಒಂದು ದಿನ ದ್ವಿಚಕ್ರ ವಾಹನವೊಂದು ಅವರಿಗೆ ತಗುಲಿ ನಿಲ್ಲದೆ ಹೋಯಿತು. ಬುಟ್ಟಿ ಮಗುಚಿ ಹೂವೆಲ್ಲ ರಸ್ತೆಗೆ ಚೆಲ್ಲಿತು. ಆಕೆ ಮೊಣಕಾಲು ಹಿಡಿದುಕೊಂಡು ಅಲ್ಲೇ ಕುಳಿತರು. ನಾನು ಹದಿನೈದು ಅಡಿ ದೂರದಲ್ಲಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಪಾಠಕ್ಕೆ ತಡವಾಗುತ್ತದೆ, ಆಸ್ಪತ್ರೆ, ಪೊಲೀಸು, ಸಾಕ್ಷಿ ಎಂದು ಅಲೆಯಬೇಕಾದೀತು ಎಂದೆಲ್ಲ ಒಂದೇ ಕ್ಷಣದಲ್ಲಿ ಯೋಚಿಸಿ ಬಸ್ಸು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದಾಗ ಆಟೋ ಚಾಲಕನೊಬ್ಬ ತನ್ನ ಗಾಡಿ ನಿಲ್ಲಿಸಿ ಆಕೆಯನ್ನು ಎತ್ತಿ ಕೂರಿಸುತ್ತಿದ್ದ.

ಕೆಲವು ದಿನಗಳ ಬಳಿಕ ಆಕೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಅಲ್ಲಿ ಬಂದು ಕುಳಿತರು. ನಾನು ಹತ್ತಿರ ಹೋಗಿ, "ಅಮ್ಮಾ, ಅವತ್ತು ನಾನೂ ಇಲ್ಲೇ ಇದ್ದೆ. ಸಹಾಯಕ್ಕೆ ಬರಲಿಲ್ಲ" ಎಂದೆ. ಆಕೆ ಹೂ ಕಟ್ಟುವುದನ್ನು ನಿಲ್ಲಿಸದೆ, "ನಿಮ್ಮ ಬಸ್ಸು ಬಂದಿತ್ತಲ್ಲಪ್ಪ, ಹೋಗ್ಬೇಕಲ್ಲ" ಎಂದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ನನ್ನಂಥವನಿಂದ ಆಕೆ ಏನನ್ನೂ ನಿರೀಕ್ಷಿಸಿರಲೇ ಇಲ್ಲ ಎಂಬುದು ನನ್ನನ್ನು ಚುಚ್ಚಿತು.

ಆ ರಾತ್ರಿ ನನಗೆ ನೆನಪಾದದ್ದು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದ ಒಂದು ಹದೀಸ್. ಹ. ಅಬೂ ಸಈದುಲ್ ಖುದ್ರಿ(ರ) ವರದಿ ಮಾಡಿರುವ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಆ ಹದೀಸಿನ ಸಾರಾಂಶ ಹೀಗಿದೆ: ದಾರಿಬದಿಯಲ್ಲಿ ಕುಳಿತುಕೊಳ್ಳುವ ಬಗ್ಗೆ ಪ್ರವಾದಿವರ್ಯರು(ಸ) ಅನುಚರರನ್ನು ಎಚ್ಚರಿಸಿದರು. ಮಾತುಕತೆಗೆ ತಮಗೆ ಬೇರೆ ಸ್ಥಳವಿಲ್ಲವೆಂದು ಅವರು ಹೇಳಿದಾಗ, ಹಾಗಾದರೆ ದಾರಿಗೆ ಅದರ ಹಕ್ಕನ್ನು ಕೊಡಿರೆಂದು ಆದೇಶಿಸಿದರು. ಆ ಹಕ್ಕು ಯಾವುದೆಂದು ಕೇಳಿದಾಗ ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮ್‌ಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು ಎಂದು ವಿವರಿಸಿದರು. ಅಬೂದಾವೂದ್‌ನ ಇನ್ನೊಂದು ವರದಿಯಲ್ಲಿ ಸಂಕಟದಲ್ಲಿರುವವನಿಗೆ ನೆರವಾಗುವುದು ಮತ್ತು ದಾರಿ ತಪ್ಪಿದವನಿಗೆ ದಾರಿ ತೋರಿಸುವುದು ಕೂಡಾ ಸೇರಿದೆ.

ಗಮನಿಸಿ. ಇಲ್ಲಿ ಹೆಸರು ಗೊತ್ತಿರುವವರ ಹಕ್ಕು ಎಂದಿಲ್ಲ, ನಮ್ಮವರ ಹಕ್ಕು ಎಂದೂ ಇಲ್ಲ. ದಾರಿಯ ಹಕ್ಕು ಎಂದಿದೆ. ದಾರಿಯಲ್ಲಿ ಸಿಗುವವರೆಲ್ಲರೂ ಅದರಲ್ಲಿ ಪಾಲುದಾರರು. ಈಗ ಈ ಹಕ್ಕುಗಳನ್ನು ನಗರದ ಬೀದಿಯಲ್ಲಿಟ್ಟು ಒಂದೊಂದಾಗಿ ನೋಡೋಣ.

ಮೊದಲನೆಯದು ದೃಷ್ಟಿ ತಗ್ಗಿಸುವುದು. ಅಂದು ನಾನು ಹೂವಮ್ಮನ ಕಡೆಯಿಂದ ಕಣ್ಣು ತಿರುಗಿಸಿಕೊಂಡೆನಲ್ಲ, ಅದಕ್ಕೆ ಈ ಹೆಸರು ಸಲ್ಲದು. ಕೆಟ್ಟ ಆಸೆಯ ನೋಟ, ಅಸೂಯೆಯ ನೋಟ, ಅಣಕದ ನೋಟ ಇವುಗಳನ್ನು ತಗ್ಗಿಸಬೇಕು. ನೋವಿನ ಕಡೆಗೆ ಕಣ್ಣು ತೆರೆದಿರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ, ನಿಂತುಕೊಂಡು ಪ್ರಯಾಣಿಸಬೇಕಾದ ಗಂಡಸರು ಆ ಹೆಣ್ಣುಮಕ್ಕಳನ್ನು ದುರುಗುಟ್ಟಿ ನೋಡಿ ಚುಚ್ಚುಮಾತು ಆಡುವುದನ್ನು ಕಂಡಿದ್ದೇನೆ. ಕೆಲಸಕ್ಕೋ ಆಸ್ಪತ್ರೆಗೋ ಹೊರಟ ತಾಯಂದಿರು ಅವರು. ಬಿದ್ದವರ ಮೇಲೆ ಮೊಬೈಲ್ ಎತ್ತಿಹಿಡಿದು ಚಿತ್ರ ತೆಗೆಯುವುದು ಕೂಡಾ ತಗ್ಗಿಸಬೇಕಾದ ದೃಷ್ಟಿಯೇ ಆಗಿದೆ.

ಎರಡನೆಯದು ತೊಂದರೆ ಕೊಡದಿರುವುದು. ದಾರಿಯಿಂದ ಉಪದ್ರವದ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಹದೀಸ್ ಕಲಿಸುತ್ತದೆ. ಆದರೆ ಜುಮಾ ನಮಾಝ್‌ಗೆ ತಡವಾಗಿ ಬಂದವರು ನೆರೆಯವರ ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿ ಒಳಗೆ ಓಡುತ್ತಾರೆ. ಆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಗತಿಯೇನು? ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ನಾವು ಹೊರಗೆ ಗಾಡಿಯನ್ನೂ ಸಾಲಾಗಿ ನಿಲ್ಲಿಸಬಾರದೇ?

ಮೂರನೆಯದು ಸಲಾಮ್. ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳುವುದನ್ನು ಪ್ರವಾದಿವರ್ಯರು(ಸ) ಇಸ್ಲಾಮಿನ ಉತ್ತಮ ಕರ್ಮಗಳಲ್ಲಿ ಎಣಿಸಿದ್ದಾರೆ. ಬೆಳಕು ಹರಿಯುವ ಮುನ್ನ ನಾವು ಫಜ್ರ್‌ಗೆ ಹೊರಟಾಗ ಬೀದಿಯಲ್ಲಿ ನಮಗಿಂತ ಮೊದಲೇ ಎದ್ದು ಬಂದಿರುವವರು ಪೌರಕಾರ್ಮಿಕರು. ವರ್ಷಗಟ್ಟಲೆ ಎದುರಾದರೂ ಅವರ ಹೆಸರು ನಮಗೆ ಗೊತ್ತಿರುವುದಿಲ್ಲ. ಒಂದು ನಮಸ್ಕಾರ, "ಚೆನ್ನಾಗಿದ್ದೀರಾ ಅಕ್ಕಾ" ಎಂಬ ಒಂದು ಮಾತು. ಇದಕ್ಕೆ ಖರ್ಚೇನೂ ಇಲ್ಲ.

ನಾಲ್ಕನೆಯದು ಒಳಿತಿನ ಬೋಧನೆ. ಇದನ್ನು ತನ್ನಿಂದಲೇ ಆರಂಭಿಸಬೇಕು. ಗಡಿಬಿಡಿಯಲ್ಲಿ ನಿರ್ವಾಹಕರು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ಅದನ್ನು ಮರಳಿಸುವುದು ಬಸ್ಸಿನಲ್ಲಿರುವ ಎಲ್ಲರಿಗೂ ಮಾಡಿದ ಉಪದೇಶವೇ ಸರಿ.

ಐದನೆಯದು ದಾರಿ ತೋರಿಸುವುದು. ಮೆಜೆಸ್ಟಿಕ್‌ನಲ್ಲಿ ಕೈಯಲ್ಲಿ ಚೀಟಿ ಹಿಡಿದು ಬಸ್ಸಿನ ಬೋರ್ಡುಗಳತ್ತ ನೋಡುತ್ತಾ ನಿಂತಿರುವ ಹಳ್ಳಿಯವರು ಈಗಲೂ ಸಿಗುತ್ತಾರೆ. ಓದು ಬಲ್ಲವನ ಎರಡು ನಿಮಿಷ ಅವರ ಅರ್ಧ ದಿನವನ್ನು ಉಳಿಸುತ್ತದೆ.

ಆರನೆಯದು ಸಂಕಟದಲ್ಲಿರುವವರಿಗೆ ನೆರವು. ಇಲ್ಲಿ ನನ್ನನ್ನು ತಡೆದದ್ದು ಪೊಲೀಸರ ಭಯ. ಆ ಭಯಕ್ಕೆ ಈಗ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಅಪಘಾತದಲ್ಲಿ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಒಪ್ಪಿಗೆ ನೀಡಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮನ್ನು ಸೇರಿಸಲಾಯಿತು. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ, ಹೆಸರು ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವವರೆಗೆ ಗಾಯಾಳುವಿನ ಬಳಿ ನಿಲ್ಲುವುದು ಯಾರಿಂದಲೂ ಸಾಧ್ಯ. ಕಾನೂನೇ ದಾರಿ ಬಿಟ್ಟುಕೊಟ್ಟ ಮೇಲೆ ನಮಗೆ ಉಳಿಯುವ ನೆಪ ಬಸ್ಸು ಬಂತು ಎನ್ನುವುದೊಂದೇ!

"ಆದರೆ ಹಜ್ರತ್, ಅವನೇ ಅಲ್ಲಿ ಹೊಸಬ. ಅವನಿಗೇ ಯಾರಾದರೂ ನೆರವಾಗಬೇಕು" ಎಂದು ತಾಯಿ ನಡುವೆ ಹೇಳಿದರು. ನ್ಯಾಯವಾದ ಮಾತು. ಅದಕ್ಕೆ ಉತ್ತರವಾಗಿ ನಾನು ಸೂರಃ ಅಲ್ ಕಸಸ್‌ನಲ್ಲಿರುವ ಹ. ಮೂಸಾ(ಅ)ರ ವೃತ್ತಾಂತವನ್ನು ನೆನಪಿಸಿದೆ. ಅವರು ಪ್ರಾಣಭಯದಿಂದ ಈಜಿಪ್ಟ್ ತೊರೆದು ಮದ್‌ಯನ್ ತಲುಪಿದ್ದರು. ಮನೆಯಿಲ್ಲ, ಕೆಲಸವಿಲ್ಲ, ಪರಿಚಿತರಿಲ್ಲ. ಬಾವಿಯ ಬಳಿ ಜನರು ಜಾನುವಾರುಗಳಿಗೆ ನೀರು ಕುಡಿಸುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಮಾತ್ರ ತಮ್ಮ ಹಿಂಡನ್ನು ತಡೆದುಕೊಂಡು ದೂರ ನಿಂತಿದ್ದರು. ತಂದೆ ವೃದ್ಧರಾದ್ದರಿಂದ ತಾವೇ ಬಂದಿರುವುದಾಗಿಯೂ ಕುರುಬರು ಹೋಗುವವರೆಗೆ ಕಾಯಬೇಕಾಗಿರುವುದಾಗಿಯೂ ಅವರು ಹೇಳಿದರು. ಮೂಸಾ(ಅ) ಅವರ ಹಿಂಡಿಗೆ ನೀರು ಕುಡಿಸಿದರು. ಕೂಲಿ ಕೇಳಲಿಲ್ಲ. ನೆರಳಿಗೆ ಸರಿದು, ತಾನು ಎಷ್ಟು ಗತಿಯಿಲ್ಲದವನು ಎಂಬುದನ್ನು ತನ್ನ ಪ್ರಭುವಿನಲ್ಲಿ ಮಾತ್ರ ನಿವೇದಿಸಿಕೊಂಡರು. ಆಶ್ರಯ, ಉದ್ಯೋಗ, ಕುಟುಂಬ ಎಲ್ಲವೂ ದೊರೆತದ್ದು ಆ ನಂತರ.

ಪರಸ್ಥಳದಲ್ಲಿ ಕೈ ಬರಿದಾಗಿರುವವನಿಗೂ ಕೊಡಲು ಏನೋ ಒಂದು ಇರುತ್ತದೆ ಎಂಬುದೇ ಇಲ್ಲಿನ ಪಾಠ. ಹಾಗೆಂದು ತಾಯಿಯ ಎಚ್ಚರಿಕೆ ಸುಳ್ಳಲ್ಲ. ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ನಮಗೆ ಕಲಿಸಲಾಗಿದೆ. ಹಣವನ್ನು ಒಳಜೇಬಿನಲ್ಲಿಡು, ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡ, ಕಾಗದ ಓದದೆ ಸಹಿ ಹಾಕಬೇಡ. ಇದು ಜಾಗರೂಕತೆ. ಬಿದ್ದವರನ್ನು ದಾಟಿಕೊಂಡು ಹೋಗುವುದು ಕಲ್ಲೆದೆ. ಇವೆರಡನ್ನೂ ಒಂದೆಂದು ತಿಳಿದದ್ದು ನನ್ನ ತಪ್ಪು.

ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಹೊರಡುವ ದಿನ ಅವನ ತಾಯಿ ತಮ್ಮ ಬುದ್ಧಿಮಾತನ್ನು ಸ್ವಲ್ಪ ತಿದ್ದಿ ಹೇಳಿದರಂತೆ: "ಹುಷಾರಾಗಿರು ಮಗಾ. ಆದ್ರೆ ಯಾರಾದ್ರೂ ಬಿದ್ದಿದ್ರೆ ಬಸ್ಸು ಬಿಟ್ಟುಬಿಡು, ಇನ್ನೊಂದು ಬರುತ್ತೆ."

ಮನೆಮಂದಿ ಕೂಡಿ ಚರ್ಚಿಸಲು: ಈ ವಾರ ನಮ್ಮ ದಾರಿಯಲ್ಲಿ ಎದುರಾದವರಲ್ಲಿ ಯಾರ ಹಕ್ಕನ್ನು ನಾವು ಸಲ್ಲಿಸಿದೆವು? ಯಾರದನ್ನು ಬಾಕಿ ಉಳಿಸಿದೆವು? ದಿನವೂ ನೋಡುವ, ಆದರೆ ಹೆಸರು ತಿಳಿಯದ ಒಬ್ಬರ ಹೆಸರನ್ನು ನಾಳೆ ಕೇಳಿ ತಿಳಿಯಲು ನಮ್ಮಲ್ಲಿ ಯಾರು ಸಿದ್ಧರಿದ್ದಾರೆ? ದಾರಿಯ ಹಕ್ಕನ್ನು ಅರಿತು ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.