ಹಾವಿನ ಪೆಟ್ಟಿಗೆಗೆ ಫಿನಾಯಿಲ್ ಬೇಡ

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಮಗ ಕಾರ್ನ್ ಸ್ನೇಕ್ ಸಾಕಿದ್ದಾನೆ. ಅಪ್ಪ, ಮಗ ಸೇರಿ ಅದಕ್ಕೆ ಪ್ಲೈವುಡ್ ಪೆಟ್ಟಿಗೆ ಮಾಡಿಕೊಟ್ಟಿದ್ದಾರೆ. ಎಷ್ಟು ಒರೆಸಿದರೂ ವಾಸನೆ ಹೋಗುತ್ತಿಲ್ಲ. ಫಿನಾಯಿಲ್ ಅಥವಾ ಡೆಟಾಲ್ ಹಾಕಬಹುದೇ? ಮನೆಯಲ್ಲಿ ಮೂರು ವರ್ಷದ ಮಗಳೂ ಇದ್ದಾಳೆ.

ಉತ್ತರ: ಎರಡನ್ನೂ ಹಾಕಬೇಡಿ. ಅವುಗಳಲ್ಲಿರುವಂಥ ಫೀನಾಲ್ ಜಾತಿಯ ರಾಸಾಯನಿಕ, ಪೈನ್ ಎಣ್ಣೆ, ನುಸಿಗುಳಿಗೆ, ಸೀಡರ್ ಮರದ ಹೊಟ್ಟು, ಇವೆಲ್ಲ ಹಾವಿಗೆ ವಿಷ. ಮುಚ್ಚಿದ ಪೆಟ್ಟಿಗೆಯಲ್ಲಿ ಹಗಲಿರುಳೂ ಆ ಗಾಳಿಯನ್ನೇ ಅದು ಉಸಿರಾಡಬೇಕು. ನಮಗೆ ಘಮ್ಮೆಂದರೆ ಶುಚಿ. ಹಾವಿಗೆ ಯಾವ ವಾಸನೆಯೂ ಇಲ್ಲದೆ ಒಣಗಿದ್ದರೆ ಶುಚಿ.

ನಿಮ್ಮ ತೊಂದರೆಯ ಮೂಲ ಮರದಲ್ಲೇ ಇರಬಹುದು. ಏನೂ ಬಳಿಯದೆ ಬಿಟ್ಟ ಪ್ಲೈವುಡ್ ಮೂತ್ರ, ನೀರು ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮೂಲೆಯ ಸಂದಿಗೆ ಇಳಿದದ್ದನ್ನು ಯಾವ ಬಟ್ಟೆಯೂ ಒರೆಸಲಾರದು. ಹಾವನ್ನು ಗಾಳಿ ಆಡುವ, ಮುಚ್ಚಳ ಭದ್ರವಾಗಿರುವ, ಬೆಚ್ಚಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಬದಲಾಯಿಸಿ. ಪೆಟ್ಟಿಗೆಯ ಒಳಮೈಗೆ ನೀರಿನ ಆಧಾರದ ಪಾಲಿಯುರೆಥೇನ್ ಎರಡು ಮೂರು ಬಾರಿ ಬಳಿದು, ಸಂದಿಗಳಿಗೆ ಅಕ್ವೇರಿಯಂ ಸಿಲಿಕೋನ್ ತುಂಬಿಸಿ. ಮೂಗಿಗೆ ಏನೂ ಬಡಿಯದಂತಾಗುವವರೆಗೆ, ವಾರಗಳೇ ಆಗಲಿ, ಬಾಗಿಲು ತೆರೆದಿಡಿ.

ಆಮೇಲೆ ಕೆಲಸ ಹಗುರ. ಹಿಕ್ಕೆ ಕಂಡಂದೇ ತೆಗೆಯಿರಿ, ನೀರಿನ ಬಟ್ಟಲನ್ನು ದಿನವೂ ತೊಳೆಯಿರಿ. ತಿಂಗಳಿಗೊಮ್ಮೆ ಹಾಸು ಪೂರ್ತಿ ಬದಲಿಸಿ, ಒಳಗೆಲ್ಲ ಸೋಪು ನೀರಿನಲ್ಲಿ ಉಜ್ಜಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡದು, ಆದ್ದರಿಂದ ಉಜ್ಜುವುದು ಮೊದಲು. ನಂತರ ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಬಳಿದು, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚಿಗೆ ವಿನೆಗರ್, ಅಮೋನಿಯಾ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ. ಬಟ್ಟಲಿನ ನೀರಿನಲ್ಲಿ ಕರಿಚುಕ್ಕೆಗಳು ತೇಲಿದರೆ ಅದು ಉಣ್ಣಿಯಂಥ ಮೈಟ್ ಇರಬಹುದು, ವೈದ್ಯರಿಗೆ ತೋರಿಸಿ.

ಶಾಖದ ವಿಷಯದಲ್ಲಿ ಮಗನನ್ನು ಕೂರಿಸಿಕೊಂಡು ಕೇಳಿ: ಥರ್ಮೋಸ್ಟಾಟ್ ಇದೆಯೇ? ಇಲ್ಲದಿದ್ದರೆ ಇವತ್ತೇ ತರಿಸಿ. ಹೀಟ್ ಮ್ಯಾಟ್ ಅತಿಯಾಗಿ ಕಾದರೂ ಹಾವು ಅದರ ಮೇಲೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುವುದುಂಟು. ಒಂದು ತುದಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ತುದಿ 24ರ ಸುತ್ತ ಇರಲಿ. ಬಲ್ಬು ಒಳಗಿದ್ದರೆ ಸುತ್ತ ಜಾಲರಿ ಬೇಕು. ತಲೆ ತೂರುವಷ್ಟು ಸಂದಿ ಸಿಕ್ಕರೂ ಹಾವು ಹೊರಗೆ ಹೋಗುತ್ತದೆ. ಬಾಗಿಲು ಜಾರುವ ಗಾಜಿನದಾದರೆ ಬೀಗ ಹಾಕಿ. ಒಳಗೆ ಅಂಟುಟೇಪು ಬೇಡ, ಚರ್ಮ ಕಿತ್ತುಬರುತ್ತದೆ.

ನಿಮ್ಮ ಮಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ಆರೋಗ್ಯವಾಗಿ ಕಾಣುವ ಹಾವಿನ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳು ಹಾವನ್ನೂ ಪೆಟ್ಟಿಗೆಯನ್ನೂ ಮುಟ್ಟಬಾರದೆಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ. ಬಟ್ಟಲು, ಹಾಸು ಯಾವುದೂ ಅಡುಗೆಮನೆಯ ಸಿಂಕಿಗೆ ಬರಕೂಡದು. ಮುಟ್ಟಿದವರು ಸೋಪು ಹಾಕಿ ಕೈ ತೊಳೆದೇ ಮುಂದಿನ ಕೆಲಸಕ್ಕೆ ಹೋಗಲಿ.

ಕರ್ನಾಟಕದ ಓದುಗರಿಗೆ ಒಂದು ಮಾತು: ಇದನ್ನು ಓದಿ ಕೇರೆಹಾವು ಹಿಡಿದು ಸಾಕಲು ಹೊರಡಬೇಡಿ. ನಮ್ಮ ಗದ್ದೆ, ಕಾಡಿನ ಹಾವುಗಳನ್ನು ಹಾಗೆ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.