ತಾಯಿಯೊಬ್ಬಳ ಮೇಲ್ಮನವಿ

ಹೊಟ್ಟೆಯ ಪಾಡಿಗಾಗಿ ಹುಟ್ಟಿದ ನಾಡನ್ನು ತೊರೆದು ಪರದೇಶದ ದಾರಿ ಹಿಡಿಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಹೋದವರು ಅಲ್ಲಿ ದುಡಿಯುತ್ತಾರೆ, ಸಂಸಾರ ಹೂಡುತ್ತಾರೆ, ಅವರ ಮಕ್ಕಳು ಆ ನೆಲವನ್ನೇ ತಾಯ್ನಾಡೆಂದು ತಿಳಿದು ಬೆಳೆಯುತ್ತಾರೆ. ಒಂದು ದಿನ ಅಲ್ಲಿಯ ಸರ್ಕಾರವು ದೇಶವನ್ನು ಬಿಟ್ಟು ಹೊರಡೆಂದು ಆಜ್ಞಾಪಿಸಿದರೆ ಅವರ ಗತಿಯೇನು? ಈ ಪ್ರಶ್ನೆಯನ್ನು ಕುರಿತು ಕೆನಡಾದ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ನೀಡಿದ ತೀರ್ಪು ಸ್ಮರಣೀಯವಾದುದು.

ಜಮೈಕಾ ದ್ವೀಪದ ಬೇಕರ್ ಎಂಬ ಮಹಿಳೆ 1981ರಲ್ಲಿ ಸಂದರ್ಶಕಳಾಗಿ ಕೆನಡಾಕ್ಕೆ ಬಂದು, ಅವಧಿ ಮುಗಿದ ಮೇಲೂ ಅಲ್ಲಿಯೇ ಉಳಿದಳು. ನೆಲೆಸಲು ಪರವಾನಗಿ ಇರಲಿಲ್ಲ. ಆದರೂ ಹನ್ನೊಂದು ವರ್ಷಗಳ ಕಾಲ ಪರರ ಮನೆಗಳಲ್ಲಿ ವಾಸವಾಗಿದ್ದು, ಮನೆಗೆಲಸ ಮಾಡಿ ಜೀವನ ಸಾಗಿಸಿದಳು. ಅಲ್ಲಿ ಹುಟ್ಟಿದ ಆಕೆಯ ನಾಲ್ವರು ಮಕ್ಕಳು ಕೆನಡಾದ ಪ್ರಜೆಗಳಾದರು. ತಾಯಿ ಮಾತ್ರ ಪರದೇಶಿಯಾಗಿಯೇ ಉಳಿದಳು. ಕೊನೆಯ ಹೆರಿಗೆಯ ತರುವಾಯ ಆಕೆ ಮನೋವ್ಯಾಧಿಗೆ ತುತ್ತಾಗಿ, ಸರ್ಕಾರದ ಸಹಾಯಧನವನ್ನು ಬೇಡಬೇಕಾಯಿತು. 1992ರ ಡಿಸೆಂಬರಿನಲ್ಲಿ ಗಡೀಪಾರಿನ ಆಜ್ಞೆ ಹೊರಟಿತು.

ಶಾಶ್ವತ ವಾಸಕ್ಕೆ ದೇಶದ ಹೊರಗಿನಿಂದಲೇ ಅರ್ಜಿ ಸಲ್ಲಿಸಬೇಕೆಂಬುದು ಅಲ್ಲಿಯ ನಿಯಮ. ಮಾನವೀಯ ಕಾರಣಗಳಿದ್ದಲ್ಲಿ ಅದರಿಂದ ವಿನಾಯಿತಿ ಕೊಡಲು ಅವಕಾಶವಿತ್ತು. ಆಕೆ 1993ರಲ್ಲಿ ವಕೀಲರ ಮೂಲಕ ಈ ವಿನಾಯಿತಿಯನ್ನು ಕೋರಿದಳು. 1994ರ ಏಪ್ರಿಲಿನಲ್ಲಿ ಬಂದ ಉತ್ತರದಲ್ಲಿ ನಿರಾಕರಣೆಯಿತ್ತು, ಕಾರಣವಿರಲಿಲ್ಲ. ವಕೀಲರು ಕೇಳಿದಾಗ ಅಧಿಕಾರಿಯೊಬ್ಬನ ಟಿಪ್ಪಣಿ ದೊರೆಯಿತು. ಮನೆಗೆಲಸದ ಹೊರತು ಬೇರೆ ಅರ್ಹತೆಯಿಲ್ಲದವಳು, ಬದುಕಿರುವವರೆಗೂ ಸರ್ಕಾರಕ್ಕೆ ಹೊರೆಯಾಗುವವಳು ಎಂಬ ಭಾವ ಅದರಲ್ಲಿ ಎದ್ದು ಕಾಣುತ್ತಿತ್ತು. ಜಮೈಕಾದಲ್ಲಿದ್ದ ನಾಲ್ವರನ್ನೂ ಸೇರಿಸಿ ಎಂಟು ಮಂದಿ ಮಕ್ಕಳೆಂಬುದನ್ನು ದೊಡ್ಡಕ್ಷರಗಳಲ್ಲಿ ಬರೆಯಲಾಗಿತ್ತು. ಮಕ್ಕಳ ಲೆಕ್ಕವೇನೋ ಅಲ್ಲಿತ್ತು. ತಾಯಿ ದೂರವಾದರೆ ಅವರ ಪಾಡೇನಾದೀತೆಂಬ ವಿಚಾರವಿರಲಿಲ್ಲ. ಹನ್ನೊಂದು ವರ್ಷಗಳ ಬೆವರು ಅಯೋಗ್ಯತೆಯ ಗುರುತಾಗಿ ಪರಿಣಮಿಸಿತ್ತು.

ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಆಕೆಗೆ ಸೋಲಾಯಿತು. ಆದರೆ 1999ರ ಜುಲೈ 9ರಂದು ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ಪುರಸ್ಕರಿಸಿತು. ನ್ಯಾಯಮೂರ್ತಿ ಕ್ಲೇರ್ ಲೆರೋ-ಡುಬೆ ಅವರು ಬರೆದ ತೀರ್ಪು ಮೂರು ಅಂಶಗಳನ್ನು ಎತ್ತಿಹಿಡಿಯಿತು. ಮನುಷ್ಯನ ಬಾಳನ್ನೇ ಬದಲಿಸುವ ಇಂತಹ ನಿರ್ಣಯಕ್ಕೆ ಲಿಖಿತ ಕಾರಣ ಕೊಡಬೇಕು. ನಿರ್ಣಯಿಸುವವನ ಮನಸ್ಸು ಪೂರ್ವಗ್ರಹದಿಂದ ಮುಕ್ತವೆಂದು ನೋಡುವವರಿಗೂ ತೋರಬೇಕು. ಮಕ್ಕಳ ಹಿತವನ್ನು ಮುಖ್ಯವೆಂದು ಭಾವಿಸಿ ತೂಗಿ ನೋಡಬೇಕು. ಮಕ್ಕಳ ಹಿತವೇ ಸದಾ ಗೆಲ್ಲಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಅದನ್ನು ಕಡೆಗಣಿಸಿದ ನಿರ್ಣಯ ನಿಲ್ಲಲಾರದೆಂದು ಹೇಳಿತು. ಆಕೆಗೆ ನೇರವಾಗಿ ವಾಸದ ಹಕ್ಕನ್ನು ಕೊಡದೆ, ಅರ್ಜಿಯನ್ನು ಬೇರೊಬ್ಬ ಅಧಿಕಾರಿ ಹೊಸದಾಗಿ ಪರಿಶೀಲಿಸಬೇಕೆಂದು ಆಜ್ಞಾಪಿಸಿತು.

ತನ್ನ ನೆಲದಲ್ಲಿ ಯಾರಿರಬೇಕೆಂದು ತೀರ್ಮಾನಿಸುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ಆದರೆ ಅಧಿಕಾರಿಯ ವಿವೇಚನೆಯೆಂಬುದು ಅವನ ಇಷ್ಟಾನಿಷ್ಟವಲ್ಲ. ಎದುರಿಗೆ ನಿಂತವಳು ಪರದೇಶಿಯಾಗಿರಬಹುದು, ಬಡವಳಾಗಿರಬಹುದು, ನಿಯಮವನ್ನು ಮೀರಿದವಳೂ ಆಗಿರಬಹುದು. ಆಕೆಯ ಮಾತನ್ನು ತೆರೆದ ಮನಸ್ಸಿನಿಂದ ಕೇಳುವ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ.